ಹಾಲು ತರುವ ದಾರಿ

ಹೋದ ವರ್ಷ ಯುಗಾದಿಯ ಮಾರನೇ ದಿನ, ಮನೆಗೆ ಹಾಲು ಹಾಕುವ ಹುಡುಗನಿಗೆ "ನಾಳೆಯಿಂದ ಹಾಲು ಬೇಡಪ್ಪ, ಪೇಪರ್ ಮಾತ್ರ ಹಾಕು" ಅಂದೆ. ಅವನ ಮುಖ ಸಪ್ಪಗಾಯಿತು. ಒಳಗಿನಿಂದ ನನ್ನ ಹೆಂಡತಿ, "ರೀ, ಬೆಳಗ್ಗೆ ಕಾಫಿಗೆ ಏನು ಮಾಡೋದು?" ಅಂತ ಕೇಳಿದಳು. "ನಾನು ತರ್ತೀನಿ" ಅಂದೆ.

ಅಂದುಕೊಂಡಿದ್ದು ಅಭ್ಯಾಸವಾಗಿ ನಿಂತಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದಕ್ಕೆ ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದ್ದೆ. ಎಚ್‌ಬಿಎ1ಸಿ 6.1 ಬಂದಿತ್ತು. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. 5.7ರಿಂದ 6.4ರವರೆಗೆ ಗಡಿಯ ಮೇಲಿದ್ದೀರಿ ಅಂತ ಲೆಕ್ಕ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಿರಿ ಅಂದರು. ನನಗೆ ಹೆದರಿಸುವುದೇನೂ ಬೇಕಿರಲಿಲ್ಲ. ನಮ್ಮಪ್ಪನ ಕಾಲ್ಬೆರಳಿನ ಗಾಯ ಒಣಗದೆ, ಎಂಟು ತಿಂಗಳು ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿದವನು ನಾನು. ಹತ್ತಿ ತೆಗೆಯುವಾಗ ಅವರು ಮಂಚದ ಸರಳು ಹಿಡಿದುಕೊಳ್ಳುತ್ತಿದ್ದರು. ಸಕ್ಕರೆ ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಜನವರಿ ಒಂದಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಇನ್ನು ದಿನಾ ಬೆಳಗ್ಗೆ ಐದೂವರೆಗೆ ಎದ್ದು ಹತ್ತುತ್ತೇನೆ ಅಂದುಕೊಂಡೆ. ಅವತ್ತು ಮೆಟ್ಟಿಲ ಮೇಲೆ ಜಾತ್ರೆಯಷ್ಟು ಜನ. ಮೆಟ್ಟಿಲು ಸಾವಿರ ದಾಟುತ್ತವೆ. ನಂದಿಯ ಹತ್ತಿರ ಕೂತು ಸುಧಾರಿಸಿಕೊಂಡು ಮೇಲೆ ಹೋದೆ. ಒಂಬತ್ತು ದಿನ ಹೋದೆ. ಹತ್ತನೇ ದಿನ ಚಳಿ, ಹನ್ನೊಂದನೇ ದಿನ ಮಗಳಿಗೆ ಜ್ವರ. ಆಮೇಲೆ ಹೋಗಲೇ ಇಲ್ಲ. ಅಪ್ಪನ ಕಾಲು ನೆನಪಿದ್ದೂ ಹೋಗಲಿಲ್ಲ. ಎಷ್ಟೋ ರಾತ್ರಿ ನನ್ನನ್ನು ನಾನೇ ಬೈದುಕೊಂಡೆ.

ಹೀಗೆ ಬೈದುಕೊಳ್ಳುವುದು ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. "ನಂಗೆ ಮನಸ್ಸು ಗಟ್ಟಿ ಇಲ್ಲ" ಅಂತ ಎಷ್ಟು ಜನ ಹೇಳಿಕೊಂಡು ಕೊರಗುತ್ತಾರೆ, ಅಲ್ವಾ? ಮನಸ್ಸು ಗಟ್ಟಿ ಇಲ್ಲದವರು ಮಕ್ಕಳನ್ನು ಸಾಕಿ, ಸಾಲ ತೀರಿಸಿ, ಇಪ್ಪತ್ತು ವರ್ಷ ಒಂದೇ ಬಸ್ಸಿಗೆ ಓಡುತ್ತಾರಾ?

ಆ ಮಾರ್ಚ್‌ನಲ್ಲಿ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಟ್ಟರು ಭಾವನ ಕೈಗೆ ಅಕ್ಷತೆ ಕೊಟ್ಟು ಸಂಕಲ್ಪ ಹೇಳಿಸುತ್ತಿದ್ದರು. ಚಿಕ್ಕಂದಿನಿಂದ ಕೇಳಿದ್ದೇ. ಅವತ್ತು ಮಾತ್ರ ಕಿವಿಗೊಟ್ಟು ಕೇಳಿದೆ. ಜಂಬೂದ್ವೀಪೇ, ಭರತವರ್ಷೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ... ಜಾಗ ಆಯಿತು. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಹೊತ್ತು ಆಯಿತು. ಆಮೇಲೆ ಮಾಡುವವನ ಗೋತ್ರ, ಹೆಸರು. ಇಷ್ಟೆಲ್ಲಾ ಆದ ಮೇಲೆ ಕೊನೆಗೆ ಒಂದೇ ಒಂದು ಕೆಲಸ, ಈ ಪೂಜೆ ಮಾಡುತ್ತೇನೆ ಅಂತ. ನಾವು ಜನವರಿಯಲ್ಲಿ ಮಾಡುವುದಕ್ಕೂ ಸಂಕಲ್ಪ ಅಂತಲೇ ಹೆಸರು. ಅದರಲ್ಲಿ ಎಲ್ಲಿ, ಯಾವಾಗ ಅನ್ನುವುದೇ ಇರುವುದಿಲ್ಲ. "ಈ ವರ್ಷ ಆರೋಗ್ಯ ನೋಡ್ಕೋತೀನಿ" ಅಂದರೆ ಮುಗಿಯಿತು. ಬೆಟ್ಟದ ವಿಷಯದಲ್ಲಿ ನಾನು ಜಾಗ, ಗಂಟೆ ಎರಡನ್ನೂ ಹೇಳಿಕೊಂಡಿದ್ದೆ, ನಿಜ. ಆದರೆ ಆ ಜಾಗ, ಆ ಗಂಟೆ ಎರಡೂ ನಾನು ದಿನಾ ಬದುಕುವ ಬದುಕಿನಲ್ಲಿ ಇರಲಿಲ್ಲ.

ಪೀಟರ್ ಗೋಲ್‌ವಿಟ್ಸರ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ರಿಸ್‌ಮಸ್ ಹಿಂದಿನ ದಿನ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆ ಅಂತ ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಹೆಚ್ಚಿನವರು ಹೇಳಿದ ಹೊತ್ತಿಗೆ ಬರೆದು ಕಳಿಸಿದರು. ಸುಮ್ನೆ ಆಗಲಿ ಅಂದವರಲ್ಲಿ ಹೆಚ್ಚಿನವರು ಕಳಿಸಲಿಲ್ಲ. ಇದು ಅಚ್ಚಾಗಿದ್ದು 1997ರಲ್ಲಿ.

ನಮ್ಮ ಮನೆಯಲ್ಲಿ ಏನೇ ತಪ್ಪಿದರೂ ತಪ್ಪದ್ದು ಬೆಳಗಿನ ಕಾಫಿ. ನಡಿಗೆಯನ್ನು ಅದಕ್ಕೇ ಕಟ್ಟಿಹಾಕಿದೆ. ಎದುರಿಗಿರುವ ಅಂಗಡಿ ಬಿಟ್ಟು, ದೂರದ ನಂದಿನಿ ಬೂತಿನಿಂದಲೇ ಹಾಲು ತರುವುದು. ಹೋಗಿ ಬರಲು ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿ. ನಾನು ಹೋಗದಿದ್ದರೆ ಇಡೀ ಮನೆಗೆ ಕಾಫಿ ಇಲ್ಲ. ರಾತ್ರಿ ಮಲಗುವ ಮುಂಚೆ ಬಟ್ಟೆ ಚೀಲ, ಐವತ್ತರ ನೋಟು, ಚಪ್ಪಲಿ ಮೂರನ್ನೂ ಬಾಗಿಲ ಹತ್ತಿರ ಇಡುತ್ತೇನೆ. ಬೆಳಗ್ಗೆ ಚೀಲ ಕಂಡರೆ ಕೈ ತಾನೇ ಹೋಗುತ್ತದೆ. ಮನಸ್ಸನ್ನು ಕೇಳುವುದೇ ಬೇಡ.

21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ವಾಟ್ಸಾಪಿನಲ್ಲಿ ಓದಿರುತ್ತೀರಿ. ಆ ಲೆಕ್ಕದ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಆಪರೇಶನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಮೂರು ವಾರ ಬೇಕು ಅಂತ ಅವರು ಹೇಳಿದ್ದರು. "ಕಡಿಮೆ ಅಂದರೂ" ಅನ್ನುವುದು ಬಾಯಿಂದ ಬಾಯಿಗೆ ಬರುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು. ಅವರಿಗೆ ಸಿಕ್ಕ ಮಧ್ಯದ ಲೆಕ್ಕ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು ಬಂತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮ ನಿಧಾನ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. 22ನೇ ದಿನ "ಇನ್ನೂ ಕಷ್ಟ ಆಗ್ತಿದೆಯಲ್ಲ, ನನ್ನ ಕೈಲಾಗಲ್ಲ" ಅಂತ ಬಿಟ್ಟವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆಷಾಢದಲ್ಲಿ ನಮ್ಮ ಸೋದರತ್ತೆ ತೀರಿಕೊಂಡರು. ಊರಿಗೆ ಹೋಗಿ ಹದಿಮೂರು ದಿನ ಇದ್ದೆ. ವಾಪಸು ಬಂದ ರಾತ್ರಿ, ಬೆಟ್ಟದ ಕತೆಯೇ ಆಗುತ್ತದೆ ಅಂತ ಭಯವಿತ್ತು. ನಾನು ಮಲಗಿದ್ದೆ. ಹೆಂಡತಿ ಸದ್ದಿಲ್ಲದೆ ಚೀಲ, ನೋಟು, ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟಿದ್ದಳು. ಬೆಳಗ್ಗೆ ಜಿಟಿಜಿಟಿ ಮಳೆ. ಕೊಡೆ ಹಿಡಿದು ಹೋದೆ. ಬೂತಿನವರು "ಏನ್ ಸಾರ್, ಊರಲ್ಲಿರಲಿಲ್ವಾ?" ಅಂದರು. ಒಬ್ಬರು ನನ್ನ ದಾರಿ ನೋಡಿದ್ದರು ಅಂತ ಗೊತ್ತಾಗಿ ಗಂಟಲು ಕಟ್ಟಿತು.

ಈಚೆಗೆ ಪರೀಕ್ಷೆ ಮಾಡಿಸಿದಾಗ 5.8 ಬಂತು. ರಾತ್ರಿ ಅನ್ನ ಕಡಿಮೆ ಮಾಡಿದ್ದೂ ಅದರಲ್ಲಿ ಸೇರಿದೆ. ನಡಿಗೆಯೊಂದಕ್ಕೇ ಹೆಸರು ಕೊಡುವುದಿಲ್ಲ.

ಈಗ ಮಗಳದ್ದೊಂದು ಶುರುವಾಗಿದೆ. ಓದುವುದು ಇಂಗ್ಲಿಷ್ ಮೀಡಿಯಂನಲ್ಲಿ, ಕನ್ನಡ ತಡವರಿಸುತ್ತಾಳೆ. ರಜೆಯಲ್ಲಿ ಓದಿಸೋಣ ಅಂತ ಎರಡು ವರ್ಷ ಹೇಳಿಕೊಂಡೇ ಬಂದೆವು. ಈಗ ಬೆಳಗ್ಗೆ ಅವಳಮ್ಮ ಜಡೆ ಹಾಕುವಾಗ, ಆ ಹುಡುಗ ಹಾಕಿಹೋದ ಪೇಪರ್ ತೊಡೆ ಮೇಲೆ ಇಟ್ಟುಕೊಂಡು ಒಂದು ಸುದ್ದಿ ಜೋರಾಗಿ ಓದಬೇಕು. ಒಂದು ಜಡೆಗೆ ಒಂದು ಸುದ್ದಿ. ಇವತ್ತು "ರಾಷ್ಟ್ರೀಯ ಹೆದ್ದಾರಿ"ಗೆ ಬಂದು ನಿಂತಳು. ಷ ಕೆಳಗೆ ಟ, ಅದರ ಜೊತೆಗೆ ರ. ಬೆರಳಿಟ್ಟು ಮೂರು ಸಲ ಬಿಡಿಸಿ, ನಾಲ್ಕನೇ ಸಲ ಸರಿಯಾಗಿ ಓದಿದಳು. ಅಷ್ಟು ಹೊತ್ತೂ ಅವಳಮ್ಮ ರಿಬ್ಬನ್ ಕೈಯಲ್ಲಿ ಹಿಡಿದುಕೊಂಡೇ ಕಾದಳು.