ಸೌತೆಕಾಯಿಯ ಎನರ್ಜಿ ಎಷ್ಟು?

ನಮ್ಮ ಕೊಡಗಿನ ಒಂದು ಹೋಂಸ್ಟೇ ಬೋರ್ಡಿನಲ್ಲಿ ಮೊದಲು ಮೂರೇ ಸಾಲು ಇತ್ತು. ಬಿಸಿನೀರು ಇದೆ. ಪಂದಿಕರಿ ಇದೆ. ಕಾರು ನಿಲ್ಲಿಸಲು ಜಾಗ ಇದೆ. ಕಳೆದ ತುಲಾ ಸಂಕ್ರಮಣದ ಹೊತ್ತಿಗೆ ನಾಲ್ಕನೆಯದೂ ಸೇರಿಕೊಂಡಿತು: ‘ದೇವಿಯ ನಿಗೂಢ ತಾಂತ್ರಿಕ ಅನುಭವ. ಊಟ ಪ್ರತ್ಯೇಕ.’

‘ತಾಂತ್ರಿಕ ಅಂದ್ರೆ ಏನು ಮಾರಾಯ್ರೆ?’ ಅಂತ ಮಾಲೀಕರನ್ನು ಕೇಳಿದೆ. ‘ನಂಗೇನು ಗೊತ್ತು? ಆ ಪದ ಹಾಕಿದ್ರೆ ಹೊರದೇಶದವ್ರು ಎರಡು ದಿನ ಜಾಸ್ತಿ ಇರ್ತಾರೆ’ ಅಂದರು. ಹಾಗೆ ಬಂದ ಒಬ್ಬ ಅತಿಥಿಗೆ ದುಭಾಷಿಯಾಗುವ ಕೆಲಸ ನನ್ನ ತಲೆಗೆ ಬಿತ್ತು. ಒಳ್ಳೆಯ ಮನುಷ್ಯ. ಕೊರಳಲ್ಲಿ ಮೂರು ರುದ್ರಾಕ್ಷಿ ಸರ, ಕೈಯಲ್ಲಿ ದಪ್ಪ ನೋಟ್‌ಬುಕ್. ಮೊದಲ ಪ್ರಶ್ನೆಯೇ ‘ರಕ್ತ ಇರುತ್ತದೆಯೇ?’ ಎಂಬುದು.

ಮುಚ್ಚಿಡುವುದೇನಿದೆ, ಹರಕೆಗೆ ಕೋಳಿ ಕೊಯ್ಯುವುದು ನಮ್ಮಲ್ಲಿ ಉಂಟು. ಆದರೆ ಕೊಯ್ದ ಕೋಳಿ ಸಾರಾಗುತ್ತದೆ. ಮಾಟ ಆದದ್ದನ್ನು ನಾನಂತೂ ಕಂಡಿಲ್ಲ. ಇದನ್ನು ಹೇಳಿದೆ. ಆತ ಬರೆದುಕೊಳ್ಳಲಿಲ್ಲ.

ತೀರ್ಥೋದ್ಭವದ ದಿನ, ಅಂದರೆ ಕಾವೇರಿ ತೀರ್ಥವಾಗಿ ಉಕ್ಕುವ ತುಲಾ ಸಂಕ್ರಮಣದಂದು, ತಲಕಾವೇರಿಗೆ ಕರೆದುಕೊಂಡು ಹೋದೆ. ‘ಆ ರಹಸ್ಯ ಗಳಿಗೆ ಯಾರಿಗೆ ಗೊತ್ತಿರುತ್ತದೆ?’ ಎಂದು ಪಿಸುಗುಟ್ಟಿದ. ಎಲ್ಲರಿಗೂ. ಪಂಚಾಂಗ ನೋಡಿ ಲೆಕ್ಕ ಹಾಕಿ, ಗಂಟೆ ನಿಮಿಷದ ಸಮೇತ ಪೇಪರಿನಲ್ಲಿ ಹಾಕಿರುತ್ತಾರೆ. ಬಸ್ಸು, ಪೊಲೀಸು, ಮೈಕು ಎಲ್ಲ ಇರುತ್ತದೆ. ತೀರ್ಥ ಉಕ್ಕುವ ಪುಟ್ಟ ಕೊಳವಾದ ಕುಂಡಿಕೆಯ ಸುತ್ತ ಬಿಂದಿಗೆ, ಬಾಟಲಿ, ಐದು ಲೀಟರಿನ ಕ್ಯಾನ್ ಹಿಡಿದ ಜನ. ತೀರ್ಥ ಉಕ್ಕಿದ ಹೊತ್ತಿಗೆ ನಮ್ಮ ಅತಿಥಿ ಕಣ್ಣು ಮುಚ್ಚಿ, ಕೈ ಚಾಚಿ, ಕಂಪನ ಹಿಡಿಯುತ್ತಾ ನಿಂತಿದ್ದ. ಹಿಂದಿದ್ದ ಹೆಂಗಸೊಬ್ಬರು ಕ್ಯಾನಿನ ಮೂಲೆಯಿಂದ ಅವನ ಸೊಂಟಕ್ಕೆ ತಿವಿದು, ‘ಸ್ವಲ್ಪ ಸರೀರಿ, ಮನೇಲಿ ಆರು ಜನ ಕಾಯ್ತಿದ್ದಾರೆ’ ಅಂದರು. ಆತ ಹಿಡಿದ ಕಂಪನ ಅದೊಂದೇ ಇರಬೇಕು.

ಅವನೊಬ್ಬನನ್ನೇ ದೂರಿ ಏನು ಫಲ? 1834ರಲ್ಲಿ ಇಂಗ್ಲಿಷರು ಕೊಡಗನ್ನು ಹಿಡಿದರು. ಹಿಂದೆಯೇ ಪಾದ್ರಿಗಳು ಬಂದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಕೂಡ ಬಂದರು, 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಕನ್ನಡಕ್ಕೆ ಆ ಮನುಷ್ಯ ಮಾಡಿದ ಉಪಕಾರ ದೊಡ್ಡದು. ಆದರೂ ಅಂದಿನ ಪಾದ್ರಿಗಳ ಬರಹದಲ್ಲಿ ನಮ್ಮ ಪೂಜೆಗೆಲ್ಲ ‘ದೆವ್ವದ ಪೂಜೆ’ ಎಂಬ ಹೆಸರು ಸಲೀಸಾಗಿ ಬೀಳುತ್ತಿತ್ತು. ಆಮೇಲೆ ಗಾಳಿ ತಿರುಗಿತು. ಕಲ್ಕತ್ತಾ ಹೈಕೋರ್ಟಿನ ಜಡ್ಜ್ ಜಾನ್ ವುಡ್ರಫ್ ‘ಆರ್ಥರ್ ಅವಲಾನ್’ ಎಂಬ ಹೆಸರಿನಲ್ಲಿ ತಂತ್ರದ ಬಗ್ಗೆ ಪುಸ್ತಕ ತಂದರು. 1919ರಲ್ಲಿ ಕುಂಡಲಿನಿಯ ಪುಸ್ತಕ ಬಂತು. ಅಂದಿನಿಂದ ದೆವ್ವಕ್ಕೆ ಬಡ್ತಿ ಸಿಕ್ಕಿ ಅದು ‘ಎನರ್ಜಿ’ ಆಗಿದೆ. ಮೊದಲು ಹೆದರಿ ದೂರ ನಿಲ್ಲುತ್ತಿದ್ದರು, ಈಗ ಮುಂಗಡ ಬುಕಿಂಗ್ ಮಾಡಿ ಬರುತ್ತಾರೆ. ಪೂಜೆ ಮಾಡುವ ಅಜ್ಜಿಯನ್ನು ಮಾತ್ರ ಆಗಲೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಭಾಷೆಯೂ ಕೈಕೊಡುತ್ತದೆ. ಮಾತಿನ ನಡುವೆ ದೇವರಪುರದ ಕುಂಡೆ ಹಬ್ಬದ ಸುದ್ದಿ ಬಂತು. ಮೇ ತಿಂಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ವೇಷ ಹಾಕಿ, ಡಬ್ಬ ಬಡಿದು, ಕಂಡಕಂಡವರನ್ನೂ ದೇವರನ್ನೂ ಬಾಯಿಗೆ ಬಂದಂತೆ ಬೈಯುವ ಹಬ್ಬ. ಬೇಟೆಗೆಂದು ಜೊತೆಗೆ ಬಂದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಇವರನ್ನು ಕಾಡಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ಸಿಟ್ಟು ಬರಲ್ವಾ? ನಾನು ‘ಬೈಗುಳ’ಕ್ಕೆ ‘ಕರ್ಸ್’ ಅಂದೆ. ಇಂಗ್ಲಿಷಿನಲ್ಲಿ ಶಾಪಕ್ಕೂ ಅದೇ ಪದ. ‘ಕಾಡಿನ ಜನ ದೇವಿಯ ಸನ್ನಿಧಿಯಲ್ಲಿ ಶಾಪ ಹಾಕುವ ಮಂತ್ರ’ ಎಂದು ನೋಟ್‌ಬುಕ್ಕಿನಲ್ಲಿ ಇಳಿಯಿತು. ಆ ಮಂತ್ರಗಳನ್ನು ಅಕ್ಷರಶಃ ಹೇಳಿಕೊಡು ಅಂತ ನನ್ನನ್ನು ಕಾಡಿದ. ನಾನು ಮರ್ಯಾದಸ್ಥ, ಹೇಳಲಿಲ್ಲ.

ತೀರ್ಥೋದ್ಭವದ ಮರುದಿನ ಬೆಳಗಿನ ಜಾವ ಪಕ್ಕದ ಮನೆಯಲ್ಲಿ ಕಣಿ ಪೂಜೆ. ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಪತ್ತಾಕ್ ಎಂಬ ಕೊರಳಸರ ಹಾಕಿದರೆ ಅದೇ ಕಾವೇರಮ್ಮ. ಎಂಬತ್ತು ದಾಟಿದ ಅಜ್ಜಿ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, ಜಾರುತ್ತಿದ್ದ ಪತ್ತಾಕ್ ಸರಿಮಾಡುತ್ತಿದ್ದರು. ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ, ಬಳೆ. ಮನೆಯವರು ಒಬ್ಬೊಬ್ಬರೇ ಅಕ್ಕಿ ಹಾಕಿ ನಮಸ್ಕರಿಸಿದರು. ಸೊಸೆ ಮಾತ್ರ ಒಲೆ ಮೇಲಿನ ದೋಸೆಗೆ ಓಡಿದಳು.

‘ಈ ಸೌತೆಕಾಯಿಯಲ್ಲಿ ಎಷ್ಟು ಎನರ್ಜಿ ಇದೆ ಅಂತ ಕೇಳು’ ಎಂದ ಅತಿಥಿ. ಕೇಳಿದೆ. ಅಜ್ಜಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ‘ಅವನು ಬೆಳಗ್ಗೆಯಿಂದ ಏನೂ ತಿಂದಿಲ್ವಾ?’ ಅಂದರು.

ದೋಸೆ, ಕುಂಬಳಕಾಯಿ ಕರಿ, ಪಾಯಸ ಬಡಿಸಿದರು. ಆ ದಿನ ಮಾಂಸ ಇಲ್ಲ. ಅತಿಥಿ ಊರಿಗೆ ಹೋದ ಮೇಲೆ ಹೋಂಸ್ಟೇಗೆ ಐದರಲ್ಲಿ ಎರಡು ಸ್ಟಾರ್ ಕೊಟ್ಟ. ‘ಮಾಂತ್ರಿಕತೆ ಕಡಿಮೆ, ಪಂದಿಕರಿಯೂ ಸಿಗಲಿಲ್ಲ.’

ಮಾಲೀಕರು ಎದೆಗುಂದಲಿಲ್ಲ. ಮೊನ್ನೆ ಅಜ್ಜಿಯ ಹತ್ತಿರ ಬಂದು ಕೇಳಿಕೊಂಡರು. ಮುಂದಿನ ವರ್ಷ ಕನ್ನಡಕ ತೆಗೆದು ಕೂದಲು ಬಿಚ್ಚಿ ಕೂರಬೇಕಂತೆ, ಮೂಲೆಯಲ್ಲಿ ಒಂದು ಕೆಂಪು ಬಲ್ಬ್ ಉರಿಸಬೇಕಂತೆ.

‘ಬಲ್ಬಾ?’ ಅಂದರು ಅಜ್ಜಿ. ‘ಮೂರು ದಿನದಿಂದ ಕರೆಂಟೇ ಇಲ್ಲ. ಮೊದಲು ಲೈನ್‌ಮ್ಯಾನ್‌ನ ಕರ್ಕೊಂಡು ಬಾ.’