ಧಾಯಟಿಗೆ ಉಪಚಾರ ಬೇಡ, ಜಾಗ ಕೊಡಿ

ಪುಣೆಯಲ್ಲಿ ಹೊಸ ಹೌಸಿಂಗ್ ಸೊಸೈಟಿ ಎದ್ದರೆ ಗೇಟಿನ ಆಚೀಚೆ ಯಾವ ಗಿಡ ಬರುತ್ತದೆ ಅಂತ ಈಗ ನೋಡದೆಯೇ ಹೇಳಬಹುದು. ಡ್ಯುರಾಂಟಾ, ಅಕ್ಯಾಲಿಫಾ, ಬೋಗನ್‌ವಿಲ್ಲಾ, ಗೋಡೆಗುಂಟ ಅರೇಕಾ ಪಾಮ್. ಎರಡು ಅಮೆರಿಕದವು, ಇನ್ನೊಂದು ಪೆಸಿಫಿಕ್ ದ್ವೀಪಗಳದ್ದು, ಮತ್ತೊಂದು ಮಡಗಾಸ್ಕರದ್ದು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಸೊಸೈಟಿಯ ಹಿಂದಿನ ಟೇಕಡಿಯಲ್ಲಿ, ಅಂದರೆ ಗುಡ್ಡದಲ್ಲಿ, ಒಂದು ಗಿಡ ಇದೆ. ಯಾರೂ ಅದಕ್ಕೆ ನೀರು ಹಾಕುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಫೆಬ್ರವರಿಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದಾಗ ಅದು ಮಾತ್ರ ಕೊಂಬೆ ಕೊಂಬೆಗೂ ಕೆಂಪು ಹೂ ಹೊತ್ತು ನಿಂತಿರುತ್ತದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ತೋಟಕ್ಕೆ ಬರುತ್ತದೆ. ಇದು ಸರಿಯಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಧಾಯಟಿ ಅಂತಾರೆ ಇಲ್ಲಿ. ಆಯುರ್ವೇದದವರ ಬಾಯಲ್ಲಿ ಧಾತಕಿ. ಕನ್ನಡದ ಪುಸ್ತಕಗಳಲ್ಲಿ ತಾಮ್ರಪುಷ್ಪಿ ಅಂತಲೂ ಸಿಗುತ್ತದೆ. ಸಸ್ಯಶಾಸ್ತ್ರದಲ್ಲಿ ವುಡ್‌ಫೋರ್ಡಿಯಾ ಫ್ರುಟಿಕೋಸಾ. ಮದರಂಗಿ, ದಾಳಿಂಬೆ, ಮಹಾರಾಷ್ಟ್ರದ ರಾಜ್ಯಪುಷ್ಪ ತಾಮಣ, ಎಲ್ಲ ಇದರ ಕುಟುಂಬದವೇ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಬೆಳೆಯುತ್ತದೆ. ಸಹ್ಯಾದ್ರಿಯ ಕಲ್ಲಿನ ಇಳಿಜಾರುಗಳಂತೂ ಇದರ ಸ್ವಂತ ಮನೆ. ಸಿಂಹಗಡದ ಕಡೆ ಹೋದವರು ನೋಡಿಯೇ ಇರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೆ. ನಮ್ಮ ಕರ್ನಾಟಕದ ಒಣ ಗುಡ್ಡಗಳಲ್ಲೂ ಇದೆ, ಹಾಗಾಗಿ ಊರಿಂದ ಇಲ್ಲಿಗೆ ಬಂದ ನಮಗೆ ಇದು ಹೊಸ ಗಿಡವೇನಲ್ಲ.

ಒಮ್ಮೆ ಹತ್ತಿರ ಹೋಗಿ ನೋಡಿ. ಆಳೆತ್ತರದ ಪೊದೆ, ಕೆಲವು ಕಡೆ ಅದಕ್ಕಿಂತ ಎತ್ತರ. ಕೊಂಬೆಗಳು ನೆಟ್ಟಗೆ ಮೇಲೇಳುವುದಿಲ್ಲ, ಬಾಗಿ ಬಾಗಿ ಹೊರಕ್ಕೆ ಚಾಚುತ್ತವೆ. ಕಂದುಗೆಂಪು ತೊಗಟೆ ತೆಳ್ಳಗೆ ಸುಲಿದು ಬರುತ್ತದೆ. ಎಲೆ ಮಗುಚಿ ಹಿಡಿದರೆ ಕೆಳಗಡೆ ಮಾಸಲು ಬಿಳುಪು, ಅದರ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಗಿಡ ಇದೇ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಲು ಈ ಚುಕ್ಕೆ ಸಾಕು. ಇನ್ನು ಹೂವು. ನಮಗೆ ಕಾಣುವ ಕೆಂಪು ಎಸಳಿನದ್ದಲ್ಲ. ಎಸಳು ಇದೆ, ಆದರೆ ಹುಡುಕಿ ನೋಡಬೇಕು, ಅಷ್ಟು ಸಣ್ಣದು. ಕೆಂಪಾಗಿರುವುದು ಹೂವಿನ ಹೊರಗಿನ ಕೊಳವೆ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ತುಸು ಬಾಗಿದ್ದು. ಅದರ ಬಾಯಿಂದ ಕೇಸರಗಳು ಉದ್ದಕ್ಕೆ ಹೊರಗೆ ಇಣುಕುತ್ತವೆ. ಒಳಗೆ ಮಕರಂದ. ಸೂರಕ್ಕಿಗಳು ಇದೇ ಕೊಂಬೆಗೆ ಜೋತುಬಿದ್ದು, ತಲೆಕೆಳಗಾಗಿ ಒಂದೊಂದೇ ಕೊಳವೆಗೆ ಕೊಕ್ಕು ಹಾಕುತ್ತವೆ. ಹೊರಗೆ ಬಂದ ಕೊಕ್ಕಿನ ಬುಡಕ್ಕೆ ಪರಾಗ ಅಂಟಿರುತ್ತದೆ. ಜೇನುಹುಳುಗಳೂ ಬರುತ್ತವೆ. ಹೂವಿನ ಕೆಲಸ ಮುಗಿದ ಮೇಲೂ ಆ ಕೆಂಪು ಕೊಳವೆ ಉದುರುವುದಿಲ್ಲ. ಅದರೊಳಗೇ ಕಾಯಿ ಬಲಿಯುತ್ತದೆ. ಅದಕ್ಕೇ ಗಿಡ ವಾರಗಟ್ಟಲೆ ಬಣ್ಣ ಕಳೆದುಕೊಳ್ಳದೆ ಇರುತ್ತದೆ. ಡಿಸೆಂಬರಿಗೆ ಶುರುವಾದರೆ ಕೆಲವು ಗಿಡಗಳು ಮೇ ತನಕವೂ ಹೂ ಬಿಡುತ್ತವೆ. ಉಳಿದ ಗಿಡಗಳು ಬಾಡಿಕೊಂಡಿರುವ ಕಾಲದಲ್ಲಿ ಹಕ್ಕಿಗೆ, ಹುಳಕ್ಕೆ ಇಷ್ಟು ದಿನ ಊಟ ಹಾಕುವ ಪೊದೆ ಇನ್ನೊಂದು ಸಿಗುವುದು ಕಷ್ಟ.

ನಮ್ಮ ಮನೆಯ ಔಷಧಿ ಕಪಾಟಿನಲ್ಲೂ ಧಾಯಟಿ ಇದೆ. ಅಶೋಕಾರಿಷ್ಟ, ಕುಮಾರ್ಯಾಸವ, ಯಾವುದೇ ಬಾಟಲಿಯ ಹಿಂದೆ ಬರೆದಿರುವುದನ್ನು ಓದಿ. ಧಾತಕಿ ಪುಷ್ಪ ಅಂತ ಇರುತ್ತದೆ. ಕಷಾಯಕ್ಕೆ ಬೆಲ್ಲ ಬೆರೆಸಿ, ಒಣಗಿಸಿದ ಈ ಹೂ ಹಾಕಿ, ಬಾಯಿ ಮುಚ್ಚಿ ಇಡುತ್ತಾರೆ. ಹೂವಿಗೆ ಅಂಟಿಕೊಂಡು ಬಂದ ಯೀಸ್ಟ್ ಬೆಲ್ಲವನ್ನು ತಿಂದು ಹುಳಿ ಬರಿಸುತ್ತದೆ. ಯೀಸ್ಟ್ ಅನ್ನುವ ಹೆಸರೇ ಇಲ್ಲದ ಕಾಲದಲ್ಲಿ ನಮ್ಮ ವೈದ್ಯರು ಇದನ್ನು ಕಂಡುಕೊಂಡಿದ್ದರು. ಅದಕ್ಕೆ ಬೇಕಾದ ಹೂವಿನಲ್ಲಿ ಬಹುಪಾಲು ಇವತ್ತಿಗೂ ಕಾಡಿನಿಂದ, ಗುಡ್ಡದಿಂದಲೇ ಕೀಳುವಂಥದ್ದು. ಮನೆ ಸುತ್ತ ನಾವು ಬೆಳೆಸಿದರೆ ಗುಡ್ಡದ ಭಾರ ಇಳಿಯುತ್ತದೆ ಅಂತೇನೂ ಹೇಳಲಾರೆ. ಆದರೆ ಕಣ್ಣೆದುರು ಬೆಳೆದ ಗಿಡವನ್ನು ಜನ ಗುಡ್ಡದಲ್ಲಿ ಕಂಡಾಗಲೂ ಕಡಿಯಲು ಹಿಂಜರಿಯುತ್ತಾರೆ ಅಂತ ನಂಬಿದ್ದೇನೆ.

ಹೇಗೆ ಬೆಳೆಸುವುದು ಅಂತ ಕೇಳುವವರಿಗೆ ಮೊದಲನೇ ಮಾತು: ಟೇಕಡಿಯಿಂದ ಗಿಡ ಕಿತ್ತು ತರಬೇಡಿ. ಹಲವು ಕಡೆ ಅದು ಅರಣ್ಯ ಇಲಾಖೆಯ ಜಾಗ, ಅಲ್ಲಿಂದ ಕೀಳುವಂತಿಲ್ಲ. ಅದೂ ಅಲ್ಲದೆ ಕಲ್ಲಿನ ಸಂದಿಗೆ ಆಳಕ್ಕೆ ಇಳಿದ ಬೇರನ್ನು ಪೂರ್ತಿ ಎಬ್ಬಿಸಲು ಆಗುವುದಿಲ್ಲ, ಅರ್ಧ ಬೇರಿನ ಗಿಡ ಮನೆಗೆ ಬಂದು ಒಣಗುತ್ತದೆ. ದೇಶಿ ಗಿಡ ಮಾರುವ ನರ್ಸರಿಗಳು ಪುಣೆಯಲ್ಲಿವೆ, ಅಲ್ಲಿ ಕೇಳಿ. ಯಾರದಾದರೂ ಹೊಲದ ಬದುವಿನಲ್ಲಿದ್ದರೆ ಅವರನ್ನು ಕೇಳಿ ಬೀಜ ತನ್ನಿ. ಏಪ್ರಿಲ್, ಮೇ ಹೊತ್ತಿಗೆ ಕೊಳವೆಯೊಳಗಿನ ಕಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಾಗದದ ಮೇಲೆ ಉಜ್ಜಿದರೆ ಬೀಜ ಉದುರುತ್ತದೆ. ರಾಗಿ ಕಾಳು ಇದರ ಮುಂದೆ ದೊಡ್ಡದು. ಫ್ಯಾನ್ ಆರಿಸಿ ಕೂತುಕೊಳ್ಳಿ, ಇಲ್ಲದಿದ್ದರೆ ಅಷ್ಟೂ ಹಾರಿಹೋಗುತ್ತದೆ.

ಇಷ್ಟು ಸಣ್ಣ ಬೀಜವನ್ನು ಮಣ್ಣಿನೊಳಗೆ ಹೂತರೆ ಮೇಲೆ ಬರುವ ಶಕ್ತಿ ಅದಕ್ಕಿಲ್ಲ. ಸಣ್ಣ ಮರಳಿನ ಜೊತೆ ಬೆರೆಸಿ ಮಣ್ಣಿನ ಮೇಲೇ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮೇಲಿಂದ ನೀರು ಹಾಕಿದರೆ ಬೀಜವೆಲ್ಲ ಕೊಚ್ಚಿ ಒಂದು ಮೂಲೆಗೆ ಸೇರುತ್ತದೆ. ಪರಾತದಲ್ಲಿ ಎರಡು ಬೆರಳು ನೀರು ಹಾಕಿ, ತೂತಿರುವ ಟ್ರೇಯನ್ನು ಅದರಲ್ಲಿ ಇಡಿ. ಮಣ್ಣು ಕೆಳಗಿನಿಂದ ಎಷ್ಟು ಬೇಕೋ ಅಷ್ಟು ಹೀರಿಕೊಳ್ಳುತ್ತದೆ. ಮೇಲಿನ ಮಣ್ಣು ಬಣ್ಣ ಬದಲಿಸಿದ ಕೂಡಲೇ ಎತ್ತಿಬಿಡಿ. ಬೆಳಕಿರಲಿ, ಜೋರು ಮಳೆ ನೇರ ಬೀಳದಿರಲಿ. ಮೊಳಕೆ ಬಂದ ಮೇಲೂ ಸ್ವಲ್ಪ ಕಾಲ ಏನೂ ಆಗುತ್ತಿಲ್ಲ ಅನಿಸುತ್ತದೆ, ಯಾಕೆಂದರೆ ಗಿಡ ಮೊದಲು ಬೇರು ಬಿಡುತ್ತಿರುತ್ತದೆ. ನಾಲ್ಕಾರು ಎಲೆ ಕಂಡ ಮೇಲೆ ಒಂದೊಂದನ್ನೇ ಸಣ್ಣ ಚೀಲಕ್ಕೆ ಹಾಕಿ. ನೆಲಕ್ಕೆ ಇಡುವುದು ಮುಂದಿನ ಮಳೆಗಾಲಕ್ಕೆ. ಜುಲೈಯಲ್ಲಿ ಬಲಿತ ಕಡ್ಡಿ ನೆಟ್ಟೂ ಬೆಳೆಸಬಹುದು. ಆದರೆ ಬೀಜದಿಂದ ಬಂದ ಗಿಡದ ಬೇರು ಆಳಕ್ಕೆ ಹೋಗುತ್ತದೆ, ಬೇಸಿಗೆಯಲ್ಲಿ ಅದೇ ಕೈ ಹಿಡಿಯುವುದು.

ಮಣ್ಣಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪುಣೆಯ ಗುಡ್ಡಗಳೆಲ್ಲ ಬಸಾಲ್ಟ್ ಕಲ್ಲು. ಆ ಕಲ್ಲು ಪುಡಿಯಾಗಿ ಆದ ಮುರುಮ್ ಇದಕ್ಕೆ ಅತ್ಯಂತ ಇಷ್ಟ. ಕಟ್ಟಡ ಕಟ್ಟುವಲ್ಲಿ ರಸ್ತೆ ತುಂಬಲು ತಂದು ಸುರಿಯುತ್ತಾರಲ್ಲ, ಅದೇ. ಕುಂಡವಾದರೆ ಅರ್ಧ ಮುರುಮ್, ಉಳಿದರ್ಧ ಕೆಂಪು ಮಣ್ಣು, ಒಂದು ಹಿಡಿ ಗೊಬ್ಬರ. ಕುಂಡ ದೊಡ್ಡದಿರಲಿ, ಅರ್ಧಕ್ಕೆ ಕತ್ತರಿಸಿದ ಡ್ರಮ್ ಆದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಕೆಳಗಿನ ತಟ್ಟೆ ತೆಗೆದು ಕುಂಡವನ್ನು ಇಟ್ಟಿಗೆ ಮೇಲೆ ಇಡಿ. ನೀರು ನಿಂತರೆ ಮಾತ್ರ ಈ ಗಿಡ ಸೋಲುತ್ತದೆ, ಬೇರೆ ಯಾವುದಕ್ಕೂ ಬಗ್ಗುವುದಿಲ್ಲ. ಬಿಸಿಲು ಪೂರ್ತಿ ಬೇಕು. ಬಿಸಿಲೇ ಬಾರದ ಬಾಲ್ಕನಿಯವರು ದಯವಿಟ್ಟು ಬೇರೆ ಗಿಡ ನೋಡಿಕೊಳ್ಳಿ, ಇದನ್ನು ಅಲ್ಲಿಟ್ಟು ಕೊರಗಿಸಬೇಡಿ.

ನೀರು, ಗೊಬ್ಬರದ ವಿಷಯದಲ್ಲಿ ನಮ್ಮ ಸೊಸೈಟಿಯ ಮಾಳಿ ಹೇಳಿದ್ದೇ ಕೊನೆಯ ಮಾತು ಅಂತ ನಾನು ಒಪ್ಪಿಕೊಂಡಿದ್ದೇನೆ. ಅವರು ಇಂಡಿ ಕಡೆಯವರು. ಗಿಡದ ವಿಷಯ ಬಂದರೆ ನಾವಿಬ್ಬರೂ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿಯುತ್ತೇವೆ. ನಾನು ಗೊಬ್ಬರದ ಚೀಲ ಹಿಡಿದು ಬಂದದ್ದನ್ನು ನೋಡಿ, "ಅಕ್ಕಾರ, ಇದು ಗುಡ್ಡದ ಗಿಡ ಐತ್ರಿ. ಭಾಳ ತಿನಿಸಿದ್ರ ಬರೇ ಎಲಿ ಬರ್ತಾವ, ಹೂ ಬರಂಗಿಲ್ರಿ" ಅಂದರು. ಎಷ್ಟು ಸರಿಯಾದ ಮಾತು! ಗೊಬ್ಬರ ಜಾಸ್ತಿಯಾದ ಧಾಯಟಿಗೆ ಮೆತ್ತನೆಯ ಚಿಗುರು ಬರುತ್ತದೆ, ಆ ಚಿಗುರಿಗೆ ಸಸ್ಯಹೇನು ಹತ್ತುತ್ತದೆ, ಹೇನಿಗೆ ನಾವು ಔಷಧಿ ಹೊಡೆಯುತ್ತೇವೆ, ಔಷಧಿಗೆ ಜೇನುಹುಳು ಸಾಯುತ್ತದೆ. ನೆಲದಲ್ಲಿ ಇಟ್ಟಿದ್ದರೆ ಮೊದಲ ಬೇಸಿಗೆ ಮಾತ್ರ ವಾರಕ್ಕೊಮ್ಮೆ ಬುಡ ತೊಯ್ಯುವಂತೆ ನೀರು ಕೊಡಿ. ಎರಡು ಮಳೆಗಾಲ ಕಂಡ ಗಿಡಕ್ಕೆ ಅದೂ ಬೇಡ. ಕುಂಡದಲ್ಲಿದ್ದರೆ ಬೆರಳು ಹಾಕಿ ನೋಡಿ, ಒಳಗೆ ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ಎಲೆ ಅರ್ಧಕ್ಕರ್ಧ ಉದುರಿದರೆ ಗಾಬರಿಯಾಗಬೇಡಿ. ಅದು ಬಿಸಿಲಿಗೆ ಗಿಡ ಮಾಡಿಕೊಂಡ ಏರ್ಪಾಡು.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಕತ್ತರಿ. ಸೊಸೈಟಿಗಳಲ್ಲಿ ದೀಪಾವಳಿಗೆ ಮುಂಚೆ ಎಲ್ಲ ಗಿಡವನ್ನೂ ಒಂದೇ ಎತ್ತರಕ್ಕೆ ಸವರುವ ಪದ್ಧತಿ ಇದೆ. ಡ್ಯುರಾಂಟಾ ತಡೆದುಕೊಳ್ಳುತ್ತದೆ. ಧಾಯಟಿ ಹೂ ಬಿಡುವುದು ಕೊಂಬೆಯ ಉದ್ದಕ್ಕೂ, ಎಲೆಯ ಕಂಕುಳಲ್ಲಿ, ಎಲೆ ಉದುರಿದ ಜಾಗಗಳಲ್ಲಿ. ಮಳೆಗಾಲ ಪೂರ್ತಿ ಬೆಳೆದು ಬಲಿತ ಕೊಂಬೆಯನ್ನು ಅಕ್ಟೋಬರಿನಲ್ಲಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ನಮ್ಮ ಕಮಿಟಿಯಲ್ಲಿ ಇದನ್ನು ಹೇಳಿದಾಗ "ಗಿಡ ಗಲೀಜಾಗಿ ಕಾಣುತ್ತದೆ" ಅಂದರು. ಬಾಗಿದ ಕೊಂಬೆ ಗಲೀಜಲ್ಲ, ಆ ಗಿಡದ ರೂಪವೇ ಅದು. ಕತ್ತರಿಸಲೇಬೇಕಾದರೆ ಹೂ ಮುಗಿದ ಮೇಲೆ, ಮೇ ಕೊನೆಗೆ, ಮಳೆಗೆ ಮುಂಚೆ ಕತ್ತರಿಸಿ. ಆಗ ಬೇಕಾದರೆ ಮೊಣಕಾಲೆತ್ತರಕ್ಕೆ ಇಳಿಸಿದರೂ ನಡೆಯುತ್ತದೆ, ಬುಡದಿಂದ ಹೊಸ ಕೊಂಬೆ ಬಂದೇ ಬರುತ್ತದೆ. ಹಳೇ ಗಿಡಕ್ಕೆ ಅದು ಒಳ್ಳೆಯದೇ. ಬೀಜ ಬೇಕಿದ್ದರೆ ಒಂದೆರಡು ಕೊಂಬೆ ಬಿಟ್ಟಿರಿ.

ಟೇಕಡಿಗಳ ಬಗ್ಗೆಯೂ ಹೇಳಲೇಬೇಕು. ವೇತಾಳ ಟೇಕಡಿಯಲ್ಲಿ ವಾಕಿಂಗ್ ಹೋಗುವ ಕನ್ನಡದವರು ಎಷ್ಟೋ ಜನ ಇದ್ದೀರಿ. ಈ ಗುಡ್ಡಗಳನ್ನು ಹಸಿರು ಮಾಡಬೇಕು ಅಂತ ಹಿಂದೆ ಗ್ಲಿರಿಸಿಡಿಯಾ ನೆಟ್ಟರು. ಗಿರಿಪುಷ್ಪ ಅಂತ ಚಂದದ ಹೆಸರಿದೆ, ಆದರೆ ಮೂಲ ಮಧ್ಯ ಅಮೆರಿಕ. ಬೇಗ ಬೆಳೆಯಿತು, ಗುಡ್ಡ ಹಸಿರಾಯಿತು. ಆದರೆ ಅದರ ದಟ್ಟ ನೆರಳಿನಲ್ಲಿ ನಮ್ಮ ಹುಲ್ಲು, ಪೊದೆ ಬೆಳೆಯುವುದು ಕಷ್ಟ. ಬಿಸಿಲು ಬೇಕಾದ ಧಾಯಟಿಗೆ ಅಲ್ಲೇನು ಜಾಗ? ಇವತ್ತಿಗೂ ಜೂನ್ ಬಂತೆಂದರೆ ಒಳ್ಳೆಯ ಮನಸ್ಸಿನ ಜನ ಸಸಿ ಹಿಡಿದು ಗುಡ್ಡ ಹತ್ತುತ್ತಾರೆ. ಹುಲ್ಲಿನ ಇಳಿಜಾರನ್ನು ಖಾಲಿ ಜಾಗ ಅಂದುಕೊಂಡು ಗುಂಡಿ ತೋಡುತ್ತಾರೆ. ಅದು ಖಾಲಿ ಜಾಗ ಅಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ನಾಲ್ಕು ತಿಂಗಳಲ್ಲಿ ಬಂದುಹೋಗುವ ಊರಿನ ಕಲ್ಲುಗುಡ್ಡಕ್ಕೆ ಹುಲ್ಲು ಮತ್ತು ಪೊದೆಯೇ ಸರಿಯಾದ ಹೊದಿಕೆ. ಅಲ್ಲಿ ಆಲ, ಅರಳಿ ನೆಟ್ಟು ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವುದಕ್ಕಿಂತ, ಈಗಾಗಲೇ ಇರುವ ಧಾಯಟಿಯನ್ನು ಸುಮ್ನೆ ಬಿಟ್ಟರೆ ಸಾಕು. ಒಣ ಹುಲ್ಲಿಗೆ ಬೆಂಕಿ ಬೀಳದಂತೆ ನೋಡಿಕೊಂಡರೆ ಇನ್ನೂ ದೊಡ್ಡ ಉಪಕಾರ. ವಾಕಿಂಗ್ ಹೋಗುವವರು ಸಿಗರೇಟು ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಜಗಳ ಆದರೂ ಪರವಾಗಿಲ್ಲ.

ಮರ ನೆಡುವ ಉತ್ಸಾಹ ಇರುವವರಿಗೆ ನನ್ನ ಬೇಡಿಕೆ ಇಷ್ಟೇ. ಗುಡ್ಡ ಬಿಡಿ, ಕೆಳಗೆ ಬನ್ನಿ. ಸೊಸೈಟಿಯ ಕಾಂಪೌಂಡಿನ ಅಂಚು, ಪಾರ್ಕಿಂಗಿನ ಬದಿ, ಕಟ್ಟಡದ ಒಡೆದ ಕಲ್ಲು-ಇಟ್ಟಿಗೆ ಸುರಿದು ಯಾರೂ ತಿರುಗಿ ನೋಡದ ಮೂಲೆ, ಶಾಲೆಯ ಮೈದಾನದ ದಂಡೆ, ಟೆರೇಸು. ಇವೆಲ್ಲ ಧಾಯಟಿಗೆ ಹೇಳಿ ಮಾಡಿಸಿದ ಜಾಗಗಳು. ಎರಡು ಗಿಡದ ನಡುವೆ ಆರೇಳು ಅಡಿ ಬಿಟ್ಟು ನೆಟ್ಟರೆ ಬೇಲಿಯೂ ಆಯಿತು, ಹೂವೂ ಆಯಿತು.

ಈ ಸಲ ನನ್ನ ಟೆರೇಸಿನಲ್ಲಿ ಸಸಿಗಳು ಬೇಕಾದಷ್ಟು ಎದ್ದಿವೆ. ಕೋಥರೂಡ್ ಸುತ್ತಮುತ್ತ ಇರುವವರು ಕಾಮೆಂಟಿನಲ್ಲಿ ತಿಳಿಸಿ, ಮಳೆ ಹಿಡಿದ ಮೇಲೆ ಬಂದು ತೆಗೆದುಕೊಂಡು ಹೋಗಿ. ದುಡ್ಡು ಬೇಡ. ಬಿಸಿಲು ಬೀಳುವ ಜಾಗದ ಒಂದು ಫೋಟೋ ಮೊದಲು ಕಳಿಸಿ. ಅಕ್ಟೋಬರಿನಲ್ಲಿ ಕತ್ತರಿ ಹಾಕಿಸುವುದಿಲ್ಲ ಅಂತ ಕಮಿಟಿಯವರಿಂದ ಮಾತು ತೆಗೆದುಕೊಂಡು ಬಂದರೆ ಎರಡು ಸಸಿ ಜಾಸ್ತಿ ಕೊಡುತ್ತೇನೆ.