ತಕ್ಕಡಿ ಮನೆಗೆ ಬಂದ ಮೇಲೆ

ಒಂಬತ್ತನೇ ತರಗತಿಯ ಮಕ್ಕಳಿಗೆ ದ್ರವ್ಯದ ಪಾಠ ಶುರುವಾಗುವ ಮುನ್ನ ಮನೆಯವರಿಗೆ ಒಂದು ಸೂಚನೆ ಕಳಿಸುವ ಪದ್ಧತಿ ಇರಬೇಕಿತ್ತು. ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂಬುದೇ ಗೊತ್ತಾಗದ ಧಾರವಾಡದಲ್ಲಿ ಇಂಥದ್ದನ್ನು ನಿರೀಕ್ಷಿಸುವುದು ಅತಿಯಾಸೆ, ಒಪ್ಪುತ್ತೇನೆ. ಆದರೆ ನಮಗೆ ಮೊದಲೇ ಗೊತ್ತಿದ್ದರೆ ಮಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಕೊಡಿಸುತ್ತಿರಲಿಲ್ಲ.

ತಕ್ಕಡಿ ಬಂದ ದಿನದಿಂದ ಹೋಳಿಗೆಯ ಕಣಕದಿಂದ ಹಿಡಿದು ಅವರಪ್ಪನ ಚಪ್ಪಲಿಯವರೆಗೆ ಯಾವುದೂ ತೂಗಿಸಿಕೊಳ್ಳದೆ ಉಳಿಯಲಿಲ್ಲ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂಬ ಸತ್ಯ ಫ್ರೀಜರಿನೊಳಗೆ ಗಾಜಿನ ಬಾಟಲಿ ಒಡೆದು ಮನೆಮಂದಿಗೆಲ್ಲ ಮನವರಿಕೆಯಾಯಿತು. ಪಕ್ಕದಲ್ಲಿದ್ದ ಬಟಾಣಿಯನ್ನು ಪೂರ್ತಿ ಚೆಲ್ಲಬೇಕಾಯಿತು. ಚಂದ್ರನ ಮೇಲೆ ಮನುಷ್ಯನ ತೂಕ ಆರರಲ್ಲಿ ಒಂದು ಪಾಲಾಗುತ್ತದೆ ಎಂದು ಕೇಳಿದ ನಮ್ಮ ಅತ್ತೆಯವರು, "ಹಾಗಾದರೆ ಅಲ್ಲಿ ಮಂಡಿನೋವೂ ಕಡಿಮೆಯಾಗುತ್ತದೆಯೇನು?" ಎಂದು ಆಸೆಯಿಂದ ಕೇಳಿದರು. ದ್ರವ್ಯರಾಶಿ, ಅಂದರೆ ಮೈಯಲ್ಲಿರುವ ದ್ರವ್ಯದ ಮೊತ್ತ, ಮಾತ್ರ ಇಲ್ಲಿದ್ದಷ್ಟೇ ಇರುತ್ತದೆ ಎಂದು ಮೊಮ್ಮಗಳು ವಿವರಿಸತೊಡಗಿದಾಗ ಅವರು ಜಪಮಾಲೆ ಹಿಡಿದರು.

ಕುದಿಬಿಂದುವಿನ ದಿನ ನನಗೆ ಬೆಳಗಿನ ಚಹಾ ತಪ್ಪಿತು. ಹುಬ್ಬಳ್ಳಿಯಿಂದ ತರಿಸಿದ ಪ್ರಯೋಗಾಲಯದ ಥರ್ಮಾಮೀಟರನ್ನು ಪಾತ್ರೆಯಲ್ಲಿ ಇಳಿಬಿಟ್ಟು ನಿಂತಿದ್ದಳು. ನೀರು ಕೊತಕೊತ ಕುದಿಯುತ್ತಿದ್ದರೂ ಅದು ತೊಂಬತ್ತೇಳೂವರೆಯ ಆಸುಪಾಸಿನಿಂದ ಮೇಲೇರಲೊಲ್ಲದು. ಉರಿ ಹೆಚ್ಚಿಸಿದಳು. ಗ್ಯಾಸ್ ಖರ್ಚಾಯಿತೇ ಹೊರತು ನೂರು ಮುಟ್ಟಲಿಲ್ಲ. ಥರ್ಮಾಮೀಟರ್ ನಕಲಿ ಎಂದು ಅವರಪ್ಪ ತೀರ್ಪು ಕೊಟ್ಟರು. ನಿಜವೆಂದರೆ ನಮ್ಮ ಊರು ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಕುದಿಬಿಂದುವೂ ಒಂದು ಡಿಗ್ರಿ ಇಳಿಯುತ್ತದೆ. ಕುದಿಬಿಂದು ಗಾಳಿಯ ಒತ್ತಡವನ್ನು ಅವಲಂಬಿಸಿದೆ ಎಂದು ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಕೂಡ ಬಲ್ಲವನಾಗಿದ್ದ. ಆದರೆ ಆ ಪುಣ್ಯಾತ್ಮ 1742ರಲ್ಲಿ ಮಾಡಿದ ಅಳತೆಪಟ್ಟಿಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ! ಅದನ್ನು ತಿರುಗಿಸಿ ಇಟ್ಟದ್ದು ಆಮೇಲೆ. ಹಾಗೆಯೇ ಬಿಟ್ಟಿದ್ದರೆ ಧಾರವಾಡದ ನೀರು ಎರಡೂವರೆ ಡಿಗ್ರಿಗೆ ಕುದಿಯುತ್ತಿತ್ತು. ಪರೀಕ್ಷೆಯಲ್ಲಿ ನೂರು ಎಂದೇ ಬರೆಯಬೇಕು, ಮನೆಯಲ್ಲಿ ಎಷ್ಟಕ್ಕೆ ಬೇಕಾದರೂ ಕುದಿಸಿಕೊಳ್ಳಬಹುದು ಎಂದು ಕೊನೆಗೆ ರಾಜಿಯಾಯಿತು.

ಕಾಯಿಪಲ್ಲೆ ಸಂತೆಗೆ ಅವಳನ್ನು ಕರೆದುಕೊಂಡು ಹೋಗುವುದನ್ನು ಈಗ ಬಿಟ್ಟಿದ್ದೇನೆ. ಒಂದು ಕಿಲೋ ಎಂದರೆ ಇಷ್ಟೇ ಎಂದು ತೋರಿಸಲು ಪ್ಯಾರಿಸ್ ಹತ್ತಿರ ಕಾಪಿಟ್ಟ ಪ್ಲಾಟಿನಂ-ಇರಿಡಿಯಂ ತೂಕದ ಗುಂಡಿಗೆ 1889ರಿಂದ ಇದ್ದ ಮರ್ಯಾದೆ 2019ರ ಮೇ 20ಕ್ಕೆ ಮುಗಿಯಿತು, ಈಗ ಕಿಲೋಗ್ರಾಂ ನಿರ್ಧಾರವಾಗುವುದು ಭೌತವಿಜ್ಞಾನದ ಪ್ಲಾಂಕ್ ಸ್ಥಿರಾಂಕ ಎಂಬ ಬದಲಾಗದ ಸಂಖ್ಯೆಯಿಂದ ಎಂದು ಬದನೆಕಾಯಿ ಮಾರುವ ಅಜ್ಜಿಗೆ ಹೇಳಿದರೆ ಆಕೆಯಾದರೂ ಏನು ಮಾಡಿಯಾಳು? "ಇರಲಿ ತಂಗೀ, ಜಗಳ ಯಾಕೆ" ಎಂದು ಒಂದು ಹಿಡಿ ಕೊತ್ತಂಬರಿಯನ್ನು ಮೇಲೆ ಹಾಕಿದಳು. ಪ್ಲಾಂಕ್‌ನಿಂದ ನನಗಾದ ಲಾಭ ಅಷ್ಟು.

ಪೇಢೆಯ ಪ್ರಕರಣ ಇದಕ್ಕಿಂತ ಗಂಭೀರವಾದದ್ದು. ಲೈನ್ ಬಜಾರಿನಿಂದ ತಂದ ಅರ್ಧ ಕಿಲೋ ಪೇಢೆಯ ದ್ರವ್ಯರಾಶಿ ಬೆಳಗಾಗುವುದರೊಳಗೆ 80 ಗ್ರಾಂ ಇಳಿದಿತ್ತು. ತೇವಾಂಶ ಆವಿಯಾಗಿದೆ ಎಂದು ಮಗಳು ಹಿಗ್ಗಿದಳು. "ಹೌದು, ಈಗ ಹವೆ ಬಹಳ ಒಣ" ಎಂದು ಅವರಪ್ಪ ಬೆಂಬಲಿಸಿದರು. ವಿಜ್ಞಾನದ ಬಗ್ಗೆ ಅವರಿಗೆ ಅಷ್ಟು ಉತ್ಸಾಹ ಹಿಂದೆಂದೂ ಇರಲಿಲ್ಲ. ನೀರು ಆವಿಯಾದರೆ ಪೇಢೆ ಒಣಗಬೇಕೇ ಹೊರತು ಎಣಿಕೆಯಲ್ಲಿ ಕಡಿಮೆಯಾಗಬಾರದು ಎಂಬುದು ಸಂಜೆಯ ಹೊತ್ತಿಗೆ ಅವಳಿಗೆ ಹೊಳೆಯಿತು. ಫ್ರಾನ್ಸಿನ ಲವಾಸಿಯೆ 1774ರಲ್ಲಿ ತವರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಒಳಗೆ ಏನೇ ಬದಲಾದರೂ ಒಟ್ಟು ತೂಕ ಬದಲಾಗದು ಎಂದು ತೋರಿಸಿದ್ದ. ಆದ್ದರಿಂದ ನಮ್ಮ ಮನೆಯ ಪೇಢೆಯೂ ನಾಶವಾಗಿರಲಾರದು, ಎಲ್ಲಿಗೋ ಸ್ಥಳಾಂತರಗೊಂಡಿದೆ ಅಷ್ಟೇ ಎಂದು ಅಪ್ಪನ ಹೊಟ್ಟೆ ನೋಡಿದಳು. ಡಬ್ಬಿಗೆ ಟೇಪು ಬಿತ್ತು. ಇಷ್ಟಾದರೂ ಸುಮ್ಮನಿರದ ಇವರು ಆ ಲವಾಸಿಯೆ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಎಂದು ಕೇಳಿದರು. "ತೆರಿಗೆ ವಸೂಲಿ ಮಾಡುತ್ತಿದ್ದ, ಅಪ್ಪಾ. ಅದಕ್ಕೇ 1794ರಲ್ಲಿ ಅವನ ತಲೆ ಕಡಿದರು." ಇವರೂ ತೆರಿಗೆ ಇಲಾಖೆಯಲ್ಲಿ ಗುಮಾಸ್ತರು. ಆ ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡಿದರು.

ದೇವರ ಮನೆಯ ಕರ್ಪೂರ ಕರಗುತ್ತಿದ್ದ ಸುದ್ದಿ ಹೊರಬಿದ್ದದ್ದು ಇದರ ಬೆನ್ನಿಗೇ. ಸಂಶಯ ಮತ್ತೆ ಇವರ ಮೇಲೆ. "ಪೇಢೆ ತಿಂದವನು ಕರ್ಪೂರ ಬಿಟ್ಟಾನೆಯೇ?" ಎಂದರು ಹೆತ್ತ ತಾಯಿ. ಘನವಸ್ತು ದ್ರವವಾಗದೆ ನೇರವಾಗಿ ಅನಿಲವಾಗುವ ಉತ್ಪತನವನ್ನು ನೋಡಲೆಂದು ಮಗಳೇ ದಿನವೂ ಡಬ್ಬಿಯ ಮುಚ್ಚಳ ತೆಗೆದಿಡುತ್ತಿದ್ದಳು, ತೂಕ ಇಳಿಯುವುದನ್ನು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದಳು. "ಇಷ್ಟೇ ತಾನೇ? ನಾಲ್ಕು ಮೆಣಸಿನ ಕಾಳು ಹಾಕಿಡು, ಹಾರುವುದಿಲ್ಲ" ಎಂದರು ಅತ್ತೆಯವರು. ಪುಸ್ತಕದಲ್ಲಿ ಹಾಗೆ ಇಲ್ಲ ಎಂದು ಮೊಮ್ಮಗಳು, ಪುಸ್ತಕ ಬರೆದವನ ಮನೆಯಲ್ಲಿ ಪೂಜೆ ಮಾಡುತ್ತಾರೇನು ಎಂದು ಅಜ್ಜಿ. ಕೊನೆಗೆ ಸಮತೂಕದ ಎರಡು ಡಬ್ಬಿ ಸಿದ್ಧವಾದವು. ಒಂದರಲ್ಲಿ ಮೆಣಸು, ಇನ್ನೊಂದರಲ್ಲಿ ಇಲ್ಲ. ಎರಡಕ್ಕೂ ಒಂದೇ ಗೂಡು, ಒಂದೇ ಗಾಳಿ. ನನಗೂ ಕುತೂಹಲ ಹತ್ತಿತ್ತು, ಸುಳ್ಳು ಹೇಳಲಾರೆ.

ನಡುವೆ ಹುಣ್ಣಿಮೆ ಬಂತು. ಅಂದು ಮಗಳು ತಕ್ಕಡಿ ಹಿಡಿದು ಬರುವಷ್ಟರಲ್ಲಿ ಎರಡೂ ಡಬ್ಬಿ ಖಾಲಿ. ಅತ್ತೆಯವರು ಮಂಗಳಾರತಿಯ ತಟ್ಟೆ ಚಾಚಿ, "ದೇವರಿಗೆ ಮುಟ್ಟಿತು, ಹಾಗೆಂದು ಬರೆದುಕೋ" ಎಂದರು. ಅವಳು ಆರತಿ ತೆಗೆದುಕೊಂಡಳು, ಆಮೇಲೆ ಪಟ್ಟಿಯ ಕೊನೆಯ ಕಲಮಿನಲ್ಲಿ ಬರೆದಳು: "ಉತ್ಪತನವಲ್ಲ, ದಹನ. ಕಾರಣ: ಅಜ್ಜಿ."